ಇಂಜಿನಿಯರ್ ಪೊರ್ಬುಗಳ ಕೈಗುಣ

ಕಾಪುವಿನಲ್ಲಿ ಲೈಟ್‌ಹೌಸಿಗೆ ಹೋಗುವ ದಾರಿಯಿಂದ ಎಡಕ್ಕೆ ತಿರುಗುವ ಓಣಿಯಲ್ಲಿ ಹದಿನೇಳು ಮನೆ, ಒಂದು ಟ್ರಾನ್ಸ್‌ಫಾರ್ಮರ್ ಮತ್ತು ಒಬ್ಬ ಇಂಜಿನಿಯರ್ ಇದ್ದರು. ಟ್ರಾನ್ಸ್‌ಫಾರ್ಮರನ್ನು ಸರ್ಕಾರ ಕೊಟ್ಟಿತ್ತು. ಇಂಜಿನಿಯರನ್ನು ಮಾತ್ರ ಓಣಿಯವರೇ ತಯಾರಿಸಿಕೊಂಡಿದ್ದರು.

ಅವರ ಹೆಸರು ಫೌಸ್ಟಿನ್ ಡಿಸೋಜ. ಕುವೈತಿನಲ್ಲಿ ಮೋಟಾರು, ಪಂಪು ಮಾರುವ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದು ಊರಿಗೆ ಬಂದವರು. ಅಲ್ಲಿ ಅವರು ಮಾಡುತ್ತಿದ್ದದ್ದು ಸ್ಟೋರ್‌ಕೀಪರ್ ಕೆಲಸ. ಯಾವ ಸಾಮಾನು ಯಾವ ಕಪಾಟಿನಲ್ಲಿದೆ, ಅದರ ತೂಕವೆಷ್ಟು, ಅದರ ಜೊತೆಗೆ ಇನ್ನೇನು ಹೋಗಬೇಕು ಎಂಬುದನ್ನು ನಿದ್ದೆಯಲ್ಲೂ ಹೇಳಬಲ್ಲವರಾಗಿದ್ದರು. ಆ ಸಾಮಾನು ಏನು ಕೆಲಸ ಮಾಡುತ್ತದೆ ಎಂದು ಅವರನ್ನು ಯಾರೂ ಕೇಳಿರಲಿಲ್ಲ, ಅವರೂ ಯಾರನ್ನೂ ಕೇಳಿರಲಿಲ್ಲ. ಮೊದಲ ರಜೆಯಲ್ಲಿ ಊರಿಗೆ ಬಂದಾಗ ಪಕ್ಕದ ಮನೆಯ ಸುಗಂಧಿಯಕ್ಕ ಚಕ್ಕುಲಿ ಕೊಟ್ಟು, “ನೀವು ಅಲ್ಲಿ ಇಂಜಿನಿಯರಾ?” ಎಂದು ಕೇಳಿದ್ದರು. ಫೌಸ್ಟಿನರ ಬಾಯಿ ತುಂಬಿತ್ತು. ‘ತಡೆಯಿರಿ, ನುಂಗಿ ಹೇಳುತ್ತೇನೆ’ ಎಂಬ ಅರ್ಥದಲ್ಲಿ ತಲೆಯಾಡಿಸಿದರು. ನುಂಗುವಷ್ಟರಲ್ಲಿ ಸುಗಂಧಿಯಕ್ಕ ಮೂರು ಮನೆಗೆ ಸುದ್ದಿ ಮುಟ್ಟಿಸಿಯಾಗಿತ್ತು. ಕ್ರೈಸ್ತ ಗೃಹಸ್ಥರನ್ನು ಗೌರವದಿಂದ ‘ಪೊರ್ಬುಗಳು’ ಎನ್ನುವ ಊರು ಅದು. ಅಂದಿನಿಂದ ಅವರು ಇಂಜಿನಿಯರ್ ಪೊರ್ಬುಗಳಾದರು. ಹೆಂಡತಿ ಝೀಟಾ ಬಾಯಿಗೆ ನಿಜ ಗೊತ್ತಿತ್ತು. ಆದರೆ ಇಂಜಿನಿಯರರ ಹೆಂಡತಿ ಎನಿಸಿಕೊಳ್ಳುವುದರಿಂದ ಆಕೆಗೆ ಯಾವ ತೊಂದರೆಯೂ ಆಗಿರಲಿಲ್ಲ.

ನಿವೃತ್ತಿಯ ದಿನ ಕಂಪನಿಯವರು ಎಲ್ಲರಿಗೂ ಕೊಡುವ ಗೋಡೆ ಗಡಿಯಾರ ಕೊಡಲಿಲ್ಲ. “ನಿನ್ನ ಸ್ಟೋರಿನಿಂದಲೇ ಏನಾದರೂ ತೆಗೆದುಕೊಂಡು ಹೋಗು” ಎಂದರು. ಫೌಸ್ಟಿನ್ ಆರಿಸಿಕೊಂಡದ್ದು ಮೋಟಾರಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ‘ಡ್ರೈವ್’ ಎಂಬ ಪೆಟ್ಟಿಗೆ. ಅದಕ್ಕೊಂದು ತಿರುಗಣೆ, ನಾಲ್ಕು ಬಟನ್, ಕೆಂಪು ಅಂಕಿ ಮೂಡುವ ಸಣ್ಣ ಪರದೆ. ಅದರ ಜೊತೆಗೆ ಯಾವಾಗಲೂ ಹೋಗುವ ತಾಮ್ರದ ತಂತಿ ಸುತ್ತಿದ ಒಂದು ಕಬ್ಬಿಣದ ಗಟ್ಟಿಯನ್ನೂ ಕೊಟ್ಟರು. ವಿಮಾನದಲ್ಲಿ ಮೂವತ್ತು ಕಿಲೋಗಿಂತ ಹೆಚ್ಚು ಒಯ್ಯುವ ಹಾಗಿರಲಿಲ್ಲ. ಪೆಟ್ಟಿಗೆ ಹನ್ನೆರಡು, ಕಬ್ಬಿಣ ಹನ್ನೊಂದು, ಮೇಲೆ ಹಾಲಿನ ಪುಡಿಯ ಡಬ್ಬಗಳು, ಅತ್ತರು, ಝೀಟಾ ಬಾಯಿ ಹೇಳಿ ತರಿಸಿದ ಹುಲಿಯ ಚಿತ್ರದ ದಪ್ಪ ಕಂಬಳಿ. ಎಷ್ಟು ಸಲ ತೂಗಿದರೂ ಮೂವತ್ತೆಂಟು. ಬಟನ್ ಇಲ್ಲ, ಬೆಳಕಿಲ್ಲ, ಬರೇ ಭಾರ ಎಂದು ಫೌಸ್ಟಿನ್ ಆ ಕಬ್ಬಿಣವನ್ನು ಅಲ್ಲೇ ಇದ್ದ ಮೈದುನ ರಾಯ್‌ಸ್ಟನ್‌ನ ಮಂಚದ ಕೆಳಗೆ ತಳ್ಳಿದರು. ಹುಲಿಯನ್ನು ಮಡಚಿ ಸೂಟ್‌ಕೇಸಿಗೆ ತುಂಬಿದರು. ಕಾಪುವಿನ ಸೆಕೆಯಲ್ಲಿ ಆ ಕಂಬಳಿಯನ್ನು ಯಾರೂ ಒಂದು ದಿನವೂ ಹೊದೆಯಲಿಲ್ಲ. ಅದು ಕಪಾಟಿನಲ್ಲಿ ನುಸಿಗುಳಿಗೆಯ ನಡುವೆ ಮಲಗಿತು.

ಊರಿಗೆ ಬಂದ ಫೌಸ್ಟಿನ್ ಮನೆಯ ಪಕ್ಕದ ಶೆಡ್ಡಿನಲ್ಲಿ ಮಸಾಲೆ ಮಿಲ್ಲು ಹಾಕಿದರು. ಮಳೆಗಾಲ ಹಿಡಿಯುವ ಮುಂಚೆ ಅಲ್ಲಿಯ ಕ್ರೈಸ್ತರ ಮನೆಗಳಲ್ಲಿ ವರ್ಷಕ್ಕಾಗುವಷ್ಟು ಬಾಫಾತ್ ಪುಡಿ ಮಾಡಿಸಿಡುವುದು ಪದ್ಧತಿ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಅರಸಿನ ಎಲ್ಲವನ್ನೂ ಬಿಸಿಲಿಗೆ ಒಣಗಿಸಿ ಮಿಲ್ಲಿಗೆ ಹೊತ್ತು ತರುತ್ತಾರೆ. ಬೇರೆ ಮಿಲ್ಲುಗಳಲ್ಲಿ ಯಂತ್ರ ಒಂದೇ ವೇಗದಲ್ಲಿ ಓಡಿ ಪುಡಿ ಬಿಸಿಯಾಗುತ್ತದೆ, ಬಣ್ಣ ಕಪ್ಪಾಗುತ್ತದೆ. ಫೌಸ್ಟಿನರ ಮಿಲ್ಲಿನಲ್ಲಿ ತಿರುಗಣೆ ತಿರುಗಿಸಿದರೆ ಸಾಕು, ಮೋಟಾರು ಹೇಳಿದ ಮಾತು ಕೇಳುತ್ತಿತ್ತು; ಪುಡಿ ತಣ್ಣಗೆ, ಕೆಂಪಗೆ ಬೀಳುತ್ತಿತ್ತು. ಉಡುಪಿಯಿಂದ, ಕಲ್ಯಾಣಪುರದಿಂದ ಜನ ಸ್ಕೂಟರಿನಲ್ಲಿ ಚೀಲ ಇಟ್ಟುಕೊಂಡು ಬಂದರು. ಏಪ್ರಿಲ್, ಮೇ ಎರಡು ತಿಂಗಳು ಮಿಲ್ಲು ಓಡಿದರೆ ಮನೆಯಲ್ಲಿ ವರ್ಷವಿಡೀ ಒಲೆ ಉರಿಯುವ ಹಾಗಿತ್ತು.

ಮಿಲ್ಲು ಶುರುವಾದ ಮೂರನೇ ದಿನ ಬೇಲಿಯಾಚೆಯಿಂದ ಸುಗಂಧಿಯಕ್ಕ ಕೂಗಿದರು. ಅವರ ಮನೆಗೆ ಮುಂಬೈಯ ತಮ್ಮ ತಂದುಕೊಟ್ಟ ಕರೆಗಂಟೆಯೊಂದಿತ್ತು. ಒತ್ತಿದರೆ ಹೆಂಗಸೊಬ್ಬಳ ಇಂಪಾದ ದನಿಯಲ್ಲಿ “ಪ್ಲೀಸ್ ಓಪನ್ ದ ಡೋರ್” ಎನ್ನುವಂಥದ್ದು.

“ಪೊರ್ಬುಲೆ, ಬೆಳಿಗ್ಗೆಯಿಂದ ಹನ್ನೆರಡು ಸಲ ಬಾಗಿಲು ತೆಗೆದೆ. ಒಂದು ನರಪಿಳ್ಳೆ ಇಲ್ಲ! ಫ್ಯಾನು ಸಹ ಗುಂಯ್ ಅಂತದೆ. ಒಮ್ಮೆ ಬಂದು ನೋಡಿ ಮಾರಾಯ್ರೆ.”

ಕರೆದಾಗ ಹೋಗದವನು ಎಂಥ ಇಂಜಿನಿಯರ್? ಫೌಸ್ಟಿನ್ ಮಿಲ್ಲು ನಿಲ್ಲಿಸಿ, ಕೈ ಒರೆಸಿ, ಕಿಸೆಗೊಂದು ಟೆಸ್ಟರ್ ಸಿಕ್ಕಿಸಿಕೊಂಡು ಹೋದರು. ಫ್ಯಾನು ಸಭ್ಯತೆಯಿಂದ ಗಾಳಿ ಬೀಸುತ್ತಿತ್ತು. ಗಂಟೆ ತುಟಿ ಬಿಚ್ಚಲಿಲ್ಲ. ಹತ್ತು ನಿಮಿಷ ಕೂತು ಚಹಾ ಕುಡಿದರು. ಆಮೇಲೆ ಸುಮ್ಮನೆ ಏಳುವುದು ಸರಿಯಲ್ಲವೆಂದು ಗಂಟೆಯ ಡಬ್ಬಿಯನ್ನು ಎರಡು ಸಲ ತಟ್ಟಿದರು.

“ಸರಿಯಾಯ್ತು.”

“ಎಂತ ಆಗಿತ್ತು?”

“ಲೂಸ್ ಇತ್ತು.”

ಏನು ಲೂಸ್ ಇತ್ತೆಂದು ಸುಗಂಧಿಯಕ್ಕ ಕೇಳಲಿಲ್ಲ. ಫೌಸ್ಟಿನ್ ಮನೆಗೆ ಬಂದು ಮಿಲ್ಲು ಹಾಕಿದರು. ಒಂದು ಸೇರು ಕೊತ್ತಂಬರಿ ಪುಡಿಯಾಗಿರಲಿಲ್ಲ, “ಪೊರ್ಬುಲೇ, ಪುನಃ ಶುರುವಾಯ್ತು!” ಎಂದು ಕೂಗು ಬಂತು. ಮಿಲ್ಲು ನಿಲ್ಲಿಸಿ ಓಡಿದರು. ಗಂಟೆ ಮತ್ತೆ ಮೌನ. ಒಂದೇ ದಿನದಲ್ಲಿ ನಾಲ್ಕು ಸಲ ಹೀಗಾಯಿತು. ನಾಲ್ಕನೇ ಚಹಾ ಕೊಡುವಾಗ ಸುಗಂಧಿಯಕ್ಕ ತೀರ್ಪು ಹೇಳಿಬಿಟ್ಟರು.

“ನೀವು ಒಳಗೆ ಬಂದ ಕೂಡಲೇ ಸರಿಯಾಗ್ತದೆ, ಹೋದ ಕೂಡಲೇ ಶುರುವಾಗ್ತದೆ. ಅದಕ್ಕೆ ನಿಮ್ಮ ಹೆದರಿಕೆ ಉಂಟು! ಕೈಗುಣ ಅಂದರೆ ಇದು.”

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಇಲ್ಲಿ ಕಾಗೆಗೇ ತನ್ನ ಭಾರದ ಮೇಲೆ ಅಭಿಮಾನ ಹುಟ್ಟಿತು. ಫೌಸ್ಟಿನ್ ಮನೆಗೆ ಬಂದು ಕನ್ನಡಿಯ ಎದುರು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

ವಾರದೊಳಗೆ ಅವರ ಕೈಗುಣ ಓಣಿಯ ತುದಿ ಮುಟ್ಟಿತು. ನಿವೃತ್ತ ಮೇಷ್ಟ್ರು ಇಮ್ಯಾನುಯೆಲರ ಟಿವಿಯಲ್ಲಿ ಗೆರೆ ಓಡುತ್ತಿತ್ತು. ಫೌಸ್ಟಿನ್ ಮಿಲ್ಲು ನಿಲ್ಲಿಸಿ ಹೋಗಿ ಸೋಫಾದಲ್ಲಿ ಕೂತರು, ಗೆರೆ ಮಾಯವಾಯಿತು. “ನೀವೇನೂ ಮಾಡಲಿಲ್ಲವಲ್ಲ?” ಎಂದು ಮೇಷ್ಟ್ರು ಬೆರಗಾದರೆ, “ಕೆಲವಕ್ಕೆ ಮಾಡಬೇಕು ಅಂತ ಇಲ್ಲ ಮೇಷ್ಟ್ರೆ” ಎಂದರು. ಕೊನೆಗೆ ಲೈನ್‌ಮ್ಯಾನ್ ಸುಂದರನೇ ಬಂದ. ಟ್ರಾನ್ಸ್‌ಫಾರ್ಮರ್ ಜ್ವರ ಬಂದವರ ಹಾಗೆ ಕಾಯುತ್ತಿದೆ, ನರಳುತ್ತಿದೆ ಎಂದ. ಫೌಸ್ಟಿನ್ ಅದರ ಬೇಲಿಯ ಹೊರಗೆ ಸೊಂಟಕ್ಕೆ ಕೈಯಿಟ್ಟು ನಿಂತು ಐದು ನಿಮಿಷ ದಿಟ್ಟಿಸಿದರು. ನರಳಾಟ ನಿಂತಿತು. ಸುಂದರ ಎರಡೂ ಕೈ ಮುಗಿದ. ಟ್ರಾನ್ಸ್‌ಫಾರ್ಮರಿಗೋ ಪೊರ್ಬುಗಳಿಗೋ ಅವನಿಗೇ ಗೊತ್ತಾಗಲಿಲ್ಲ.

ಇತ್ತ ಮಿಲ್ಲಿನ ಎದುರು ಮೆಣಸಿನ ಚೀಲಗಳು ಸಾಲುಗಟ್ಟಿದವು. ಯಾರ ಮನೆಗೆ ಹೋಗಲಿ, ಮಿಲ್ಲಿನ ಬೀಗದ ಕೈ ಫೌಸ್ಟಿನರ ಸೊಂಟದಲ್ಲೇ ಹೋಗುತ್ತಿತ್ತು.

“ಊರಿಗೆ ಉಪಕಾರಿ, ಮನೆಗೆ ಮಾರಿ!” ಎಂದು ಝೀಟಾ ಬಾಯಿ ಸಿಡಿದರು. “ಕಲ್ಯಾಣಪುರದ ವೆರೊನಿಕಾ ಬಾಯಿಯ ಇಪ್ಪತ್ತು ಕಿಲೋ ಮೆಣಸು ನಾಲ್ಕು ದಿನದಿಂದ ಬಿದ್ದುಕೊಂಡುಂಟು. ಮಗನ ಮದುವೆ ಅವರದ್ದು.”

“ಮೆಣಸು ಕಾಯ್ತದೆ ಝೀಟಾ. ಟ್ರಾನ್ಸ್‌ಫಾರ್ಮರ್ ಕಾಯುವುದಿಲ್ಲ.”

ಅಷ್ಟರಲ್ಲಿ ಕರೆಂಟ್ ಆಫೀಸಿನಿಂದ ಓಣಿಗೊಂದು ಕಾಗದ ಬಂತು. ಈ ಓಣಿಯ ಯಾವುದೋ ಒಂದು ಯಂತ್ರ ಲೈನನ್ನು ಕೆಡಿಸುತ್ತಿದೆ. ಹತ್ತು ದಿನದೊಳಗೆ ಅದು ಪತ್ತೆಯಾಗಬೇಕು. ಪತ್ತೆಯಾದ ಯಂತ್ರದ ಸಂಪರ್ಕವನ್ನು ದೋಷ ಸರಿಯಾಗುವ ತನಕ ಕಡಿಯಲಾಗುವುದು. ಕಾಗದವನ್ನು ಸುಂದರ ನೇರವಾಗಿ ಮಿಲ್ಲಿಗೇ ತಂದ. ತಪ್ಪಿತಸ್ಥರಿಗೆ ಕೊಡಲಿಕ್ಕಲ್ಲ. “ನಿಮ್ಮಲ್ಲೊಬ್ಬರು ಇಂಜಿನಿಯರ್ ಇದ್ದಾರಂತಲ್ಲ, ಅವರನ್ನು ಕಟ್ಟಿಕೊಂಡು ಹುಡುಕು ಅಂತ ಸಾಹೇಬರು ಹೇಳಿದ್ದಾರೆ ಪೊರ್ಬುಲೆ” ಎಂದ.

“ಹಿಡಿಯುವ,” ಎಂದರು ಫೌಸ್ಟಿನ್, ಮಿಲ್ಲಿಗೆ ಬೀಗ ಹಾಕುತ್ತ. “ಎಲ್ಲಿಗೆ ಹೋಗ್ತಾನೆ ಕಳ್ಳ?”

ಮೊದಲು ವ್ಯಾಲೆಂಟೈನನ ವೆಲ್ಡಿಂಗ್ ಶೆಡ್ಡಿಗೆ ಹೋದರು. ವ್ಯಾಲೆಂಟೈನ್ ಕಿಡಿ ಹಾರಿಸಿದ, ಟ್ರಾನ್ಸ್‌ಫಾರ್ಮರ್ ನಗುನಗುತ್ತಲೇ ಇತ್ತು. ಆಮೇಲೆ ಟ್ರೆವರನ ಮೀನಿನ ಐಸ್ ಯಂತ್ರ. ಟ್ರೆವರ್ ಅದನ್ನು ಮೂರು ಸಲ ನಿಲ್ಲಿಸಿ ಓಡಿಸಿ, ಮಾತೆ ಮೇರಿಯ ಮೇಲೆ ಆಣೆಯನ್ನೂ ಹಾಕಿದ. ಸುಗಂಧಿಯಕ್ಕನ ಗಂಟೆ ಕಮಕ್ ಕಿಮಕ್ ಎನ್ನಲಿಲ್ಲ. ಎರಡು ದಿನ ಹುಡುಕಿ ಫೌಸ್ಟಿನ್ ವರದಿ ಕೊಟ್ಟರು: ಓಣಿಯಲ್ಲಿ ಯಾರದ್ದೂ ತಪ್ಪಿಲ್ಲ. ತಪಾಸಣೆಯ ಎರಡು ದಿನವೂ ಲೈನು ಆರೋಗ್ಯದಿಂದ ಇದ್ದದ್ದು ಕಂಡು ಸಾಹೇಬರೂ ತಲೆದೂಗಿದರು. ಇಂಥ ಉಪಕಾರಿಗೆ ಒಂದು ಸನ್ಮಾನವಾದರೂ ಆಗಬೇಡವೇ ಎಂದು ಓಣಿಯವರು ಭಾನುವಾರ ಸಂಜೆಗೆ ಸುಗಂಧಿಯಕ್ಕನ ಅಂಗಳದಲ್ಲಿ ಶಾಮಿಯಾನ ಹಾಕಿಸಿದರು. ಅಧ್ಯಕ್ಷತೆಗೆ ಕರೆಂಟ್ ಆಫೀಸಿನ ಸಾಹೇಬರೇ ಒಪ್ಪಿದರು.

ಅದೇ ಭಾನುವಾರ ಬರುತ್ತೇನೆಂದು ಶಾರ್ಲೆಟ್ ಫೋನು ಮಾಡಿದಳು. ಫೌಸ್ಟಿನರ ತಂಗಿಯ ಮಗಳು. ನಿಟ್ಟೆಯ ಹಾಸ್ಟೆಲಿನಲ್ಲಿದ್ದು ಇಲೆಕ್ಟ್ರಿಕಲ್ ಇಂಜಿನಿಯರಿಂಗಿನ ಕೊನೆಯ ವರ್ಷ ಓದುತ್ತಿದ್ದಳು.

“ಮಾಮ, ಓಣಿಯ ಕತೆ ಮಮ್ಮಿ ಹೇಳಿದರು. ನನ್ನ ಪ್ರಾಜೆಕ್ಟೇ ಅದು! ಡ್ರೈವ್ ಹಾಕಿದಲ್ಲಿ ಹಾರ್ಮೋನಿಕ್ಸ್ ಬಂದು ಕರೆಂಟಿನ ಅಲೆ ಕೆಡ್ತದಲ್ಲ, ಅದನ್ನು ಕಡಿಮೆ ಮಾಡುವುದು ಹೇಗೆ ಅಂತ. ನಮಗೆ ಪಾಠ ಮಾಡುವ ಯಶ್ಮಿತಾ ಮೇಡಂ ಮೀಟರ್ ತರ್ತಾರೆ. ನೀವು ಕುವೈತಿನಲ್ಲಿ ಹೇಗೆ ಕಡಿಮೆ ಮಾಡ್ತಿದ್ರಿ?”

ಫೌಸ್ಟಿನ್ ಸ್ವಲ್ಪ ಹೊತ್ತು ಕೆಮ್ಮಿದರು. “ಅಲ್ಲಿಯದ್ದು ಬೇರೆ ಮಗಳೇ. ಅಲ್ಲಿ ಮರುಭೂಮಿ.”

ಭಾನುವಾರ ಸಂಜೆ ನಾಲ್ಕಕ್ಕೆ ಓಣಿಗೆ ಓಣಿಯೇ ಶಾಮಿಯಾನದ ಕೆಳಗಿತ್ತು. ‘ನಮ್ಮ ಹೆಮ್ಮೆಯ ಇಂಜಿನಿಯರ್ ಶ್ರೀ ಫೌಸ್ಟಿನ್ ಡಿಸೋಜ’ ಎಂಬ ಬ್ಯಾನರಿನಲ್ಲಿ ಫೌಸ್ಟಿನ್ ಹಳದಿ ಟೊಪ್ಪಿ ಹಾಕಿಕೊಂಡು ನಗುತ್ತಿದ್ದರು. ಬ್ಯಾನರಿನ ಕೆಳಗೆ ಅದೇ ನಗುವಿನಲ್ಲಿ ನಿಜವಾದ ಫೌಸ್ಟಿನ್ ಕೂತಿದ್ದರು. ಆದರೆ ಜುಬ್ಬಕ್ಕೆ ಸೊಂಟದ ಪಟ್ಟಿ ಒಪ್ಪುವುದಿಲ್ಲವೆಂದು ಮಿಲ್ಲಿನ ಬೀಗದ ಕೈಯನ್ನು ಅವರು ಅಂದು ಮೊದಲ ಬಾರಿಗೆ ಮನೆಯಲ್ಲೇ ಬಿಟ್ಟಿದ್ದರು.

ಸರಿಯಾಗಿ ಅದೇ ಹೊತ್ತಿಗೆ ವೆರೊನಿಕಾ ಬಾಯಿ ರಿಕ್ಷಾದಿಂದ ಇಳಿದರು.

“ಝೀಟಾ, ಮಂಗಳವಾರ ಮಗನಿಗೆ ತೆಂಗಿನ ಹಾಲು ಹಚ್ಚುವ ರೋಸ್, ಬುಧವಾರ ಮದುವೆ. ಐನೂರು ಜನಕ್ಕೆ ನಾನು ಎಂತ ಬಿಳಿ ಸಾರು ಬಡಿಸುವುದಾ?”

ಝೀಟಾ ಬಾಯಿ ಗೂಟದಿಂದ ಬೀಗದ ಕೈ ತೆಗೆದರು. ಸನ್ಮಾನಕ್ಕೆಂದು ಉಟ್ಟ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಕಾರ್ಕಳದ ಬಸ್ಸು ತಡವಾಗಿ ಆಗಷ್ಟೇ ಬಂದಿಳಿದಿದ್ದ ಶಾರ್ಲೆಟ್, ಯಶ್ಮಿತಾ ಮೇಡಂ ಜೊತೆಗೂಡಿ ಮಿಲ್ಲಿನ ಮುಖ್ಯ ತಂತಿಗಳಿಗೆ ಮೀಟರಿನ ಕೊಕ್ಕೆ ಸಿಕ್ಕಿಸುತ್ತ, “ಮಾಮಿ, ಮಿಲ್ಲು ಹಾಕಿದರೆ ನಮಗೂ ಒಳ್ಳೆದು” ಎಂದಳು.

ಅಂಗಳದಲ್ಲಿ ಸಾಹೇಬರು ಮೈಕಿನ ಮುಂದೆ, “ಇಂಥ ಒಬ್ಬರು ಪ್ರತಿ ಓಣಿಯಲ್ಲೂ ಇದ್ದರೆ ನಮ್ಮ ಇಲಾಖೆಗೆ ಕೆಲಸವೇ ಇಲ್ಲ” ಎನ್ನುತ್ತ ಫೌಸ್ಟಿನರ ಹೆಗಲಿಗೆ ಶಾಲು ಹೊದೆಸಿದರು. ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆಯೇ ಮೈಕು ಗುಂಯ್ ಎಂದಿತು. ಶಾಮಿಯಾನದ ಟ್ಯೂಬ್‌ಲೈಟುಗಳು ಕಣ್ಣು ಹೊಡೆದವು. ಮನೆಯ ಒಳಗಿಂದ ಇಂಪಾದ ದನಿ ಬಂತು: “ಪ್ಲೀಸ್ ಓಪನ್ ದ ಡೋರ್.”

ಸುಗಂಧಿಯಕ್ಕ ಅಭ್ಯಾಸಬಲದಿಂದ ಎದ್ದು ಹೋಗಿ, ತೆರೆದೇ ಇದ್ದ ಬಾಗಿಲನ್ನು ಇನ್ನೂ ತೆರೆಯಲು ನೋಡಿ ವಾಪಸು ಬಂದರು. ಎಲ್ಲರ ಕಣ್ಣೂ ಫೌಸ್ಟಿನರ ಕೈಯ ಮೇಲೆ. ಫೌಸ್ಟಿನ್ ಗಾಂಭೀರ್ಯದಿಂದ ಎದ್ದು ಮೈಕನ್ನು ತಟ್ಟಿದರು. ಗುಂಯ್. ಒಳಗೆ ಹೋಗಿ ಗಂಟೆಯನ್ನು ತಟ್ಟಿದರು. “ಪ್ಲೀಸ್ ಓಪನ್ ದ ಡೋರ್, ಪ್ಲೀಸ್ ಓಪನ್ ದ ಡೋರ್.” ಶಾಲು ಜಾರಿತು.

“ಪೊರ್ಬುಲೆ,” ಎಂದರು ಸುಗಂಧಿಯಕ್ಕ, ನಂಬಿಕೆ ಮುರಿದ ದನಿಯಲ್ಲಿ. “ನೀವು ಇಲ್ಲೇ ಇದ್ದೀರಲ್ಲ!”

ಆಗ ಫೌಸ್ಟಿನರಿಗೆ ಬೇಲಿಯಾಚೆ ತಮ್ಮ ಮಿಲ್ಲು ಓಡುವ ಸದ್ದು ಕೇಳಿಸಿತು. ತಾವು ಸುಗಂಧಿಯಕ್ಕನ ಮನೆಯಲ್ಲಿರುವುದು, ಮಿಲ್ಲು ಓಡುವುದು, ಎರಡೂ ಒಟ್ಟಿಗೆ ಆದದ್ದು ಇದೇ ಮೊದಲು. ಅವರು ಬಾಯಿ ತೆರೆಯುವಷ್ಟರಲ್ಲಿ ಶಾರ್ಲೆಟ್ ಚಿನ್ನದ ಪದಕ ಗೆದ್ದವಳ ಹಾಗೆ ಬೇಲಿ ಹಾರಿ ಓಡಿ ಬಂದಳು.

“ಮಾಮ! ಅಲೆ ಕೆಟ್ಟದ್ದು ಎಂಬತ್ತನಾಲ್ಕು ಪರ್ಸೆಂಟ್! ನಮ್ಮ ಲ್ಯಾಬಿನಲ್ಲಿ ಇಷ್ಟು ಯಾರಿಗೂ ಸಿಕ್ಕಿರಲಿಲ್ಲ! ಲೈನು ಕೆಡಿಸುವುದು ನಿಮ್ಮ ಮಿಲ್ಲೇ!”

ಅಂಗಳದಲ್ಲಿ ಸೂಜಿ ಬಿದ್ದರೆ ಕೇಳುತ್ತಿತ್ತು. ಆದರೆ ಗಂಟೆ ಬಿಡಬೇಕಲ್ಲ. ಹಿಂದಿನಿಂದ ಬಂದ ಯಶ್ಮಿತಾ ಮೇಡಂ ಸಮಾಧಾನವಾಗಿ ವಿವರಿಸಿದರು.

“ಬೇರೆ ಮೋಟಾರು ಕರೆಂಟನ್ನು ಗಂಜಿ ಕುಡಿದ ಹಾಗೆ ಕುಡೀತದೆ, ಒಂದೇ ಸಮ. ಈ ಡ್ರೈವ್ ಹಾಗಲ್ಲ. ಗಬಕ್ಕನೆ ಕಚ್ಚಿ ಎಳೀತದೆ, ಬಿಡ್ತದೆ, ಪುನಃ ಎಳೀತದೆ. ಆ ಎಳೆತಕ್ಕೆ ಇಡೀ ಲೈನಿನ ಅಲೆ ವಕ್ರ ಆಗ್ತದೆ. ಅದೇ ನಿಮ್ಮ ಫ್ಯಾನಿನ ಗುಂಯ್, ಗಂಟೆಯ ಕೂಗು, ಟ್ರಾನ್ಸ್‌ಫಾರ್ಮರಿನ ಜ್ವರ.”

ಸಾಹೇಬರು ಮೈಕು ಕೆಳಗಿಟ್ಟರು. “ಸುಂದರ, ಏಣಿ ತೆಗೆದುಕೊಂಡು ಬಾ. ಕನೆಕ್ಷನ್ ತೆಗಿ.”

“ಅಯ್ಯೋ ದೇವಾ, ನನ್ನ ಮೆಣಸು!” ಎಂದರು ಬೇಲಿಯ ಹತ್ತಿರ ಬಂದು ನಿಂತಿದ್ದ ವೆರೊನಿಕಾ ಬಾಯಿ. ಝೀಟಾ ಬಾಯಿಯ ಕಣ್ಣು ತುಂಬಿತು. ಸಂಪರ್ಕ ಹೋದರೆ ಸೀಸನ್ ಹೋಯಿತು. ಸೀಸನ್ ಹೋದರೆ ವರ್ಷ ಹೋಯಿತು. ಸುಂದರ ಹಿಂದೆಮುಂದೆ ನೋಡುತ್ತ ನಿಂತ. “ಪೊರ್ಬುಲೆ, ನೀವು ಇಂಜಿನಿಯರಲ್ವಾ? ನೀವೇ ಒಂದು ದಾರಿ ಹೇಳಿ” ಎಂದ.

“ದಾರಿ ಉಂಟು,” ಎಂದು ಮೇಡಂ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. “ಇದನ್ನು ಡ್ರೈವಿನ ಮುಂದೆ ಹಾಕಿದರೆ ಆ ಕಚ್ಚಿ ಎಳೆಯುವುದನ್ನು ಇದು ತಡೆದು ನಿಧಾನ ಮಾಡ್ತದೆ. ಚೋಕ್ ಅಂತಾರೆ. ಸರ್, ಇದನ್ನು ನೀವು ನೋಡಿರ್ಬೇಕಲ್ಲ?”

ಫೌಸ್ಟಿನ್ ನೋಡಿದರು. ತಾಮ್ರದ ತಂತಿ ಸುತ್ತಿದ ಕಬ್ಬಿಣದ ಗಟ್ಟಿ. ಅವರ ಬಾಯಿ ಅವರನ್ನು ಕೇಳದೆಯೇ ಹೊರಟಿತು:

“ಹದಿನಾಲ್ಕನೇ ಕಪಾಟು, ಕೆಳಗಿನ ಸಾಲು. ಹನ್ನೊಂದು ಕಿಲೋ. ಒದ್ದೆ ತಾಗಿಸಬಾರದು. ಡ್ರೈವಿನ ಜೊತೆಗೇ ಕೊಡಬೇಕು, ಬಿಡಿ ಕೊಡಬಾರದು.”

“ಏನಂದ್ರಿ?”

ಫೌಸ್ಟಿನ್ ಶಾಲನ್ನು ಎತ್ತಿ ಮಡಚಿ ಕುರ್ಚಿಯ ಮೇಲಿಟ್ಟರು. “ನಾನು ಇಂಜಿನಿಯರ್ ಅಲ್ಲ ಮೇಡಂ. ಸ್ಟೋರ್‌ಕೀಪರ್. ಇಪ್ಪತ್ತೆರಡು ವರ್ಷದಲ್ಲಿ ಇದಿಲ್ಲದೆ ಒಂದು ಡ್ರೈವನ್ನೂ ಗೇಟು ದಾಟಲು ಬಿಟ್ಟವನಲ್ಲ. ಬಿಟ್ಟದ್ದು ಒಂದೇ ಒಂದು. ಅದು ನನ್ನದೇ.”

“ಯಾಕೆ ಬಿಟ್ರಿ?”

ಫೌಸ್ಟಿನ್ ಹೆಂಡತಿಯ ಕಡೆ ನೋಡಿದರು. “ಹುಲಿ ಇತ್ತು.”

“ನನ್ನನ್ನು ಎಂತಕ್ಕೆ ನೋಡುವುದು?” ಝೀಟಾ ಬಾಯಿ ಕೆಂಪಾದರು. “ನಾನು ಕಂಬಳಿ ತನ್ನಿ ಅಂದದ್ದು. ಚೋಕ್ ಬಿಡಿ ಅಂತ ಹೇಳಿದ್ದೇನಾ?”

ಕಂಬಳಿಯ ಕತೆ ಪೂರ್ತಿ ಹೊರಗೆ ಬಂತು. ಸುಗಂಧಿಯಕ್ಕ ಮಾತ್ರ ಇನ್ನೂ ಇಪ್ಪತ್ತು ವರ್ಷ ಹಿಂದೆಯೇ ಇದ್ದರು.

“ಹಾಗಾದರೆ ಅಂದು ನಾನು ಕೇಳಿದಾಗ ನೀವು ತಲೆ ಆಡಿಸಿದ್ದು?”

“ಚಕ್ಕುಲಿ ಅಕ್ಕ. ನುಂಗಿ ಹೇಳುವ ಅಂತ ಇದ್ದೆ.”

ಸುಗಂಧಿಯಕ್ಕನಿಗೆ ಮೊದಲು ಬಿಕ್ಕಳಿಕೆಯಂಥದ್ದೇನೋ ಬಂತು. ಅದು ನಗುವೆಂದು ತಿಳಿಯುವಷ್ಟರಲ್ಲಿ ಮೇಷ್ಟ್ರು, ಟ್ರೆವರ್, ವ್ಯಾಲೆಂಟೈನ್, ಕೊನೆಗೆ ಸಾಹೇಬರೂ ಹೊಟ್ಟೆ ಹಿಡಿದುಕೊಂಡಿದ್ದರು. ನಗದೆ ಇದ್ದವರು ಫೌಸ್ಟಿನ್ ಒಬ್ಬರೇ. ಯಶ್ಮಿತಾ ಮೇಡಂ ಕುರ್ಚಿಯ ಮೇಲಿನ ಶಾಲನ್ನು ತೆಗೆದು ಬಿಚ್ಚಿದರು.

“ಇದನ್ನು ಹೊದ್ದುಕೊಳ್ಳಿ ಸರ್. ಪಾಸಾದ ಇಂಜಿನಿಯರುಗಳೇ ಚೋಕ್ ಬಿಟ್ಟು ಡ್ರೈವ್ ಕೂರಿಸಿದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಇಪ್ಪತ್ತೆರಡು ವರ್ಷ ಒಂದನ್ನೂ ಬಿಡದವರನ್ನು ಇವತ್ತೇ ನೋಡಿದ್ದು.”

ಫೌಸ್ಟಿನರ ಕಣ್ಣು ಒದ್ದೆಯಾಯಿತು. ಈ ಸಲದ ಚಪ್ಪಾಳೆ ಮೊದಲಿನದ್ದಕ್ಕಿಂತ ಜೋರಾಗಿತ್ತು.

ಉಳಿದದ್ದು ವೆರೊನಿಕಾ ಬಾಯಿಯ ಮೆಣಸು. ಪೆಟ್ಟಿಗೆ ಬಿಚ್ಚಿ ಓಡಿಸಿದರೆ ಪುಡಿ ಕಪ್ಪಾಗುತ್ತದೆ, ಹಾಗೆಯೇ ಓಡಿಸಿದರೆ ಓಣಿ ಕೂಗುತ್ತದೆ. ಸಾಹೇಬರು ಆಕಾಶ ನೋಡಿದರು. “ಎರಡು ಗಂಟೆ ನಾನು ಇಲ್ಲಿಲ್ಲ” ಎಂದರು. ಹದಿನೇಳು ಮನೆಯವರೂ ಓಡಿ ಹೋಗಿ ತಮ್ಮ ತಮ್ಮ ಫ್ಯಾನು, ಟಿವಿ, ಗಂಟೆ ಎಲ್ಲವನ್ನೂ ಬಂದ್ ಮಾಡಿ ಶಾಮಿಯಾನಕ್ಕೆ ಮರಳಿದರು. ಮೇ ತಿಂಗಳ ಸೆಕೆಯಲ್ಲಿ ಬೆವರು ಸುರಿಸುತ್ತ, ಸನ್ಮಾನದ ಹಣ್ಣು ಹಂಚಿ ತಿನ್ನುತ್ತ, ಬೇರೊಬ್ಬರ ಮಗನ ಮದುವೆಯ ಮೆಣಸು ಕೆಂಪಗೆ ಪುಡಿಯಾಗುವುದನ್ನು ಇಡೀ ಓಣಿ ಕೂತು ಕಾದಿತು.

ರಾಯ್‌ಸ್ಟನ್‌ಗೆ ಫೋನು ಹೋಯಿತು. ಅವನು ವಾರದೊಳಗೆ ರಜೆಯಲ್ಲಿ ಬರುವವನಿದ್ದ. ಕಬ್ಬಿಣ ಮಂಚದ ಕೆಳಗೇ ಇತ್ತು, ಅದರ ಮೇಲೆ ಬೂಟು ಇಡುತ್ತಿದ್ದನಂತೆ.

“ಭಾವ, ಹನ್ನೊಂದು ಕಿಲೋ! ನನ್ನ ಹೆಂಡತಿ ಕಂಬಳಿ ಹೇಳಿದ್ದಾಳೆ ಮಾರಾಯ್ರೆ!”

“ಕಂಬಳಿ ಬಿಟ್ಟು ಬಾ. ಹೊಸ ಹುಲಿ ಒಂದು ಇಲ್ಲಿ ಉಂಟು, ಅದನ್ನೇ ಕೊಡ್ತೇನೆ.”

ಹೀಗೆ ಕಬ್ಬಿಣ ಕಾಪುವಿಗೆ ಬಂತು, ಹುಲಿ ರಾಯ್‌ಸ್ಟನ್‌ನ ಮನೆಗೆ ಹೋಯಿತು. ಮೇಡಂ ಮತ್ತು ಶಾರ್ಲೆಟ್ ಚೋಕನ್ನು ಕೂರಿಸಿ ಅಳೆದಾಗ ಎಂಬತ್ತನಾಲ್ಕು ಮೂವತ್ತೇಳಕ್ಕೆ ಇಳಿಯಿತು. ಸುಂದರ ಟ್ರಾನ್ಸ್‌ಫಾರ್ಮರಿಗೆ ಕಿವಿಗೊಟ್ಟು, “ಮಲಗಿದೆ” ಎಂದ.

ಫೌಸ್ಟಿನರಿಗೆ ಇಷ್ಟರಿಂದ ತೃಪ್ತಿಯಾಗಲಿಲ್ಲ. ಮಿಲ್ಲನ್ನು ಓಡುತ್ತಿದ್ದ ಹಾಗೆಯೇ ಝೀಟಾ ಬಾಯಿಗೆ ಒಪ್ಪಿಸಿ, ಸುಗಂಧಿಯಕ್ಕನ ಸಾರಿನ ಪುಡಿಯ ಪೊಟ್ಟಣ ಹಿಡಿದುಕೊಂಡು ಪಕ್ಕದ ಮನೆಯ ಬಾಗಿಲಿಗೆ ಹೋದರು. ಕಿವಿಯಿಟ್ಟು ಕೇಳಿದರು. ಫ್ಯಾನಿನ ಗುಂಯ್ ಇಲ್ಲ. ಗಂಟೆ ಸುಮ್ಮನಿದೆ. ಹಿಗ್ಗಿನಿಂದ ಬೆರಳೆತ್ತಿ ಗಂಟೆ ಒತ್ತಿದರು.

“ಪ್ಲೀಸ್ ಓಪನ್ ದ ಡೋರ್.”

ಒಳಗೆ ಅಡುಗೆಮನೆಯಿಂದ ಸುಗಂಧಿಯಕ್ಕನ ಬೊಬ್ಬೆ ಎದ್ದಿತು. “ಝೀಟಾ ಬಾಯೀ! ಮಿಲ್ಲು ನಿಲ್ಲಿಸಿ ಮಾರಾಯ್ತಿ, ಪುನಃ ಶುರುವಾಯ್ತು!”

ಫೌಸ್ಟಿನ್ ಇನ್ನೊಮ್ಮೆ ಒತ್ತಿದರು.

“ಯಾರಾದರೂ ಸ್ಟೋರ್‌ಕೀಪರ್ ಪೊರ್ಬುಗಳನ್ನು ಕರೀರಿ!”

“ಬಂದಿದ್ದೇನೆ ಅಕ್ಕ,” ಎಂದರು ಫೌಸ್ಟಿನ್. “ಬಾಗಿಲು ತೆಗೀರಿ.”